ಗಾಣದ ಬಾಳವ್ವ ಹೂಡಿಸಿದ ಬಂಡಿ

ಬಹಳ ಹಿಂದಿನ ಸಂಗತಿ. ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ. ನನಗೆ ಹೇಳಿದವರೂ ಇಸವಿ ಹೇಳಲಿಲ್ಲ. ಎರೆಮಣ್ಣಿನ ಸೀಮೆಯಲ್ಲಿ, ಹೊಳೆಯ ಈಚೆ ದಂಡೆಗೆ ಒಂದು ಊರು. ಆ ಊರಿನಲ್ಲಿ ಒಂದು ಎಣ್ಣೆಯ ಗಾಣ. ಗಾಣ ನಡೆಸುತ್ತಿದ್ದವರು ರಾಚಪ್ಪ ಮತ್ತು ಅವನ ಹೆಂಡತಿ ಬಾಳವ್ವ. ಜನರ ಬಾಯಲ್ಲಿ ಉಳಿದದ್ದು ಬಾಳವ್ವನ ಹೆಸರು.

ಎಣ್ಣೆ ಮಾರುವವಳೇ ಎಣ್ಣೆ ಕಡಿಮೆ ತಿನ್ನಿರಿ ಎಂದು ಹೇಳುತ್ತಿದ್ದಳಂತೆ. ಕುಸುಬಿ ಎಣ್ಣೆಗೆ ಬಂದವಳು ದೊಡ್ಡ ಪಾತ್ರೆ ಹಿಡಿದಿದ್ದರೆ, ಮನೆಯಲ್ಲಿ ಮದುವೆಯೇ ಎಂದು ಕೇಳುತ್ತಿದ್ದಳಂತೆ. ಅಲ್ಲವೆಂದರೆ ಅರ್ಧ ಪಾತ್ರೆ ತುಂಬಿ ಕಳಿಸುತ್ತಿದ್ದಳಂತೆ. ಹೀಗೇ ನಡೆದರೆ ಎತ್ತು ಮಾರಿ ಗಾಣಕ್ಕೆ ನನ್ನನ್ನೇ ಕಟ್ಟುತ್ತೀ ಎಂದು ರಾಚಪ್ಪ ಗೊಣಗುತ್ತಿದ್ದನಂತೆ.

ಅವಳ ಮಾತಿಗೆ ಕಾರಣವಿತ್ತು. ಅವಳ ತಾಯಿ ಎದೆಯ ಗಂಟಿನಿಂದ ತೀರಿಕೊಂಡಿದ್ದಳು. ತಾಯಿಯ ತಂಗಿಯೂ ಹಾಗೆಯೇ. ಆಮೇಲೆ ಬಾಳವ್ವ ಎಣ್ಣೆ ಹೊತ್ತು ಮನೆ ಮನೆಗೆ ಹೋದಾಗ ಅಡುಗೆಮನೆಗಳನ್ನು ನೋಡತೊಡಗಿದಳು. ಯಾರು ಏನು ಉಣ್ಣುತ್ತಾರೆ, ಯಾರಿಗೆ ಈ ಬೇನೆ ಬಂದಿದೆ ಎಂಬುದನ್ನು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡಳು. ಮುಟ್ಟು ನಿಂತ ಮೇಲೆ ಮೈ ಬಂದು ಕುಳಿತಲ್ಲೇ ಕುಳಿತವರಲ್ಲಿ, ಸೆರೆ ಕುಡಿಯುವವರಲ್ಲಿ ಈ ಗಂಟು ಹೆಚ್ಚು ಎಂದು ಅವಳಿಗೆ ಕಂಡಿತಂತೆ. ಜೋಳದ ರೊಟ್ಟಿ ಉಣ್ಣಿರಿ, ಮೊಳಕೆಕಾಳು ಉಣ್ಣಿರಿ, ಹಸಿ ತಪ್ಪಲು, ಸೊಪ್ಪು ಉಣ್ಣಿರಿ, ಕರಿದದ್ದನ್ನು ಹಬ್ಬಕ್ಕೆ ಇಡಿರಿ, ಸೆರೆ ಬಿಡಿರಿ, ಮೈ ಬಗ್ಗಿಸಿ ದುಡಿಯಿರಿ ಎಂದು ಹೇಳತೊಡಗಿದಳು. ತಿಂಗಳಿಗೊಮ್ಮೆ ಹೆಂಗಸರು ಅವಳ ಅಂಗಳದ ಒರಳಿನಲ್ಲಿ ಅಗಸೆ ಕುಟ್ಟಿ ಚಟ್ನಿಪುಡಿ ಮಾಡಿಕೊಂಡು ಹೋಗುವುದು ರೂಢಿಯಾಯಿತು.

ಮಾತು ಬೆಳೆಯಿತು. ಬಾಳವ್ವನ ಪುಡಿ ತಿಂದರೆ ಗಂಟು ಬೆಣ್ಣೆಯಂತೆ ಕರಗುತ್ತದೆ ಎಂದರು. ಅವಳ ಒನಕೆಯ ಸದ್ದು ಕೇಳಿದ ಮನೆಗೆ ಬೇನೆ ಕಾಲಿಡದು ಎಂದರು. ದೇಸಾಯರ ಮನೆಯ ಹೆಂಗಸೊಬ್ಬಳು ಪಲ್ಲಕ್ಕಿಯಲ್ಲಿ ಬಂದು ಪುಡಿ ಒಯ್ದಳೆಂದೂ ಹೇಳುತ್ತಾರೆ. ಪಲ್ಲಕ್ಕಿಯನ್ನು ನಾನು ನಂಬುವುದಿಲ್ಲ. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಗಂಟು ಬಂತೆಂದರೆ ಆಕೆ ಬೇಡದ್ದನ್ನು ಕದ್ದು ತಿಂದಿರಬೇಕು ಎಂದು ಜನ ಆಡಿಕೊಂಡರು. ಎಲ್ಲರಿಗಿಂತ ಗಟ್ಟಿಯಾಗಿ ಆಡಿದವಳು ಗೌಡರ ಮನೆಯ ಕಲ್ಲವ್ವ. ಬಾಳವ್ವ ಕೇಳಿಯೂ ಸುಮ್ಮನಿದ್ದಳಂತೆ. ಹೆಂಗಸರು ಹೆದರಿಯಾದರೂ ಸರಿಯಾಗಿ ಉಣ್ಣಲಿ ಎಂದುಕೊಂಡಳಂತೆ.

ನೇಕಾರರ ಓಣಿಯಲ್ಲಿ ನೀಲವ್ವ ಎಂಬವಳಿದ್ದಳು. ಬಾಳವ್ವ ಹೇಳಿದ್ದರಲ್ಲಿ ಒಂದನ್ನೂ ತಪ್ಪಿಸದವಳು. ಅವಳಿಗೆ ಗಂಟು ಬಂತು. ತೋರಿಸಿದರೆ ಕದ್ದು ತಿಂದವಳೆನ್ನುತ್ತಾರೆ ಎಂದು ಮುಚ್ಚಿಟ್ಟಳು. ಪುಡಿಯನ್ನು ಎರಡು ಪಟ್ಟು ತಿಂದಳು. ಗಂಟು ಒಡೆದು ಹುಣ್ಣಾಗಿ ವಾಸನೆ ಎದ್ದಾಗ ಮನೆಯವರಿಗೆ ತಿಳಿಯಿತು. ಹೊಳೆಯಾಚೆಯ ಪಟ್ಟಣದಲ್ಲಿ ಇಂಥದ್ದನ್ನು ಕೊಯ್ದು ತೆಗೆಯುವ ಆಸ್ಪತ್ರೆ ಇತ್ತು. ಹೊತ್ತು ಮೀರಿದೆ ಎಂದು ಅಲ್ಲಿಂದ ತಿರುಗಿ ಕಳಿಸಿದರು. ಬಾಳವ್ವ ನೋಡಲು ಹೋದಾಗ ನೀಲವ್ವ ಆಡಿದ್ದು ಒಂದೇ ಮಾತಂತೆ.

“ಅಕ್ಕಾ, ನಾ ತಪ್ಪಿ ಏನು ತಿಂದಿದ್ದೆ?”

ನೀಲವ್ವ ಉಳಿಯಲಿಲ್ಲ. ಬಾಳವ್ವ ಅವಳ ಮಣ್ಣಿಗೆ ಹೋಗಿ ಬಂದಳು.

ಮರುವರ್ಷ ಸುಗ್ಗಿಯ ಹೊತ್ತಿಗೆ, ಎಣ್ಣೆ ಹಚ್ಚಿಕೊಂಡು ಮೀಯುವಾಗ, ಬಾಳವ್ವನ ಬೆರಳಿಗೆ ತನ್ನ ಎದೆಯಲ್ಲೇ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ರಾಚಪ್ಪ ಕೆಟ್ಟವನಲ್ಲ, ಹೆದರಿದ. ತವರಿಗೆ ಹೊರಟೆ ಎಂದು ಊರಿಗೆ ಹೇಳು, ಗುಟ್ಟಾಗಿ ಹೊಳೆ ದಾಟೋಣ ಎಂದ. ನಿನಗೇ ಬಂತೆಂದು ತಿಳಿದರೆ ನಿನ್ನ ರೊಟ್ಟಿ ತಪ್ಪಲಿನ ಮಾತನ್ನು ನಾಳೆ ಯಾರು ಕೇಳುತ್ತಾರೆ ಎಂದ. ಅವನ ಮಾತಿನಲ್ಲಿ ನಿಜವಿತ್ತು. ಅವಳು ವರ್ಷಗಟ್ಟಲೆ ಹೇಳಿ ಹೇಳಿ ಕೂಡಿಸಿದ ನಂಬಿಕೆ ಒಂದೇ ದಿನದಲ್ಲಿ ಬಿದ್ದುಹೋಗಬಹುದಿತ್ತು.

ಮರುದಿನ ಅಗಸೆ ಕುಟ್ಟುವ ದಿನ. ಹೆಂಗಸರೆಲ್ಲ ಅಂಗಳದಲ್ಲಿ ನೆರೆದಾಗ ಬಾಳವ್ವ ಒನಕೆಯನ್ನು ಕೆಳಗಿಟ್ಟಳು. ಅಂದು ಅವಳು ಹೇಳಿದ್ದನ್ನು ಆ ಊರಿನವರು ಇಂದಿಗೂ ಅವಳ ಮಾತಿನಲ್ಲೇ ಹೇಳುತ್ತಾರೆ.

“ನನಗೂ ಗಂಟು ಬಂದೈತಿ. ನಾ ಕದ್ದು ತಿಂದಿಲ್ಲ, ನೀಲವ್ವನೂ ತಿಂದಿದ್ದಿಲ್ಲ. ಚಲೋ ಉಂಡ್ರ ಬರೂದು ಕಡಿಮಿ ಆಗತೈತಿ, ಬರೂದೇ ಇಲ್ಲ ಅಂತಲ್ಲ. ಬಂದದ್ದನ್ನ ಈ ಪುಡಿ ಕರಗಸೂದಿಲ್ಲ. ಕೊಯ್ಸಾಕ ಬಂಡಿ ಹೂಡಿಸಿ ಹೊಳಿ ಆಚೆ ಆಸ್ಪತ್ರಿಗೆ ಹೊಂಟೀನಿ.”

ಆಮೇಲೆ ಗಾಣದ ಬಳಿಯಿದ್ದ ಗಂಡಸರನ್ನು ಹೊರಗೆ ಕಳಿಸಿ ಅಂಗಳದ ಬಾಗಿಲು ಹಾಕಿಸಿದಳು. ಸೆರಗು ಸರಿಸಿ ಒಬ್ಬೊಬ್ಬರನ್ನೇ ಕರೆದು, ಅವರ ಬೆರಳನ್ನು ತಾನೇ ಹಿಡಿದು ಗಂಟಿನ ಮೇಲಿಟ್ಟಳು. ಹೀಗಿರುತ್ತದೆ, ನೋಡಿಕೊಳ್ಳಿರಿ ಎಂದಳು. ನೋವಿಲ್ಲವೆಂದು ಬಿಡಬೇಡಿರಿ ಎಂದಳು. ಮೊದಮೊದಲು ಯಾರಿಗೂ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಮುದಿ ಸೂಲಗಿತ್ತಿ ತಿಪ್ಪವ್ವನ ಸರದಿ ಬಂತು.

“ಇಷ್ಟು ಮಂದಿ ಮುಟ್ಟಿದ್ರ ಅದು ನಾಚಿ ತಾನ ಎದ್ದು ಹೋದೀತು ಬಿಡ, ಬಾಳಿ.”

ಹೆಂಗಸರು ನಕ್ಕರು. ನಕ್ಕ ಮೇಲೆ ಕೈಗಳು ಬೇಗ ಬೇಗ ಮುಂದೆ ಬಂದವು. ಅಂದು ಸಾವಿರ ಮಂದಿ ಮುಟ್ಟಿದರು ಎನ್ನುತ್ತಾರೆ. ಆ ಊರಿನಲ್ಲಿ ಅಷ್ಟು ಹೆಂಗಸರೇ ಇರಲಿಲ್ಲ.

ಎಲ್ಲರ ಹಿಂದೆ ನಿಂತಿದ್ದ ಕಲ್ಲವ್ವ ಕೊನೆಗೆ ಬಂದಳು. ಮುಟ್ಟಿದ ಬೆರಳನ್ನು ತೆಗೆಯಲಿಲ್ಲ. ಇನ್ನೊಂದು ಕೈ ತನ್ನ ಸೆರಗಿನೊಳಗೆ ಹೋಯಿತು.

“ಬಂಡಿಯೊಳಗ ಇನ್ನೊಬ್ಬರಿಗೆ ಜಾಗ ಐತೇನು, ಬಾಳವ್ವ?”

ಐತಿ ಎಂದಳು ಬಾಳವ್ವ. ಬೇರೆ ಏನನ್ನೂ ಕೇಳಲಿಲ್ಲ. ರಾಚಪ್ಪ ಗಾಣದ ಎತ್ತನ್ನೇ ಬಿಚ್ಚಿ, ಜೊತೆಗೆ ಗೌಡರ ಮನೆಯ ಎತ್ತೊಂದನ್ನು ತಂದು, ಹಗಲಿನಲ್ಲಿ, ಊರ ನಡುವಿನ ಹಾದಿಯಲ್ಲೇ ಬಂಡಿ ಹೊಡೆದ.

ಇಬ್ಬರೂ ಒಂದೊಂದು ಮೊಲೆ ಕಳೆದುಕೊಂಡು ಹಿಂದಿರುಗಿದರು. ಕಲ್ಲವ್ವ ಕೆಲವು ವರ್ಷ ಬದುಕಿದಳು. ಬಾಳವ್ವ ನೂರು ದಾಟಿದಳು ಎನ್ನುತ್ತಾರೆ; ಮೊಮ್ಮಕ್ಕಳನ್ನು ಕಂಡಳು ಎಂಬಷ್ಟನ್ನು ನಾನು ಒಪ್ಪುತ್ತೇನೆ. ಕೊನೆಯವರೆಗೂ ಗಾಣದಲ್ಲಿ ಕುಳಿತು ಅರ್ಧ ಪಾತ್ರೆಯನ್ನೇ ತುಂಬಿ ಕೊಟ್ಟಳಂತೆ. ಹೆಂಗಸರು ಅವಳ ಮಾತು ಕೇಳುವುದನ್ನು ಬಿಡಲಿಲ್ಲ.

ಈಗ ಅಲ್ಲಿ ಗಾಣವಿಲ್ಲ. ಆದರೂ ಆ ಊರಿನ ಮನೆಗಳಲ್ಲಿ ಅಗಸೆ ಕುಟ್ಟಿದ ದಿನ, ಹೆಂಗಸರು ಮೊದಲ ಚಿಟಿಕೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ; ಆಮೇಲೆ ಗೋಡೆಗೆ ಮುಖ ಮಾಡಿ ನಿಂತು, ಎದೆಯನ್ನೂ ಕಂಕುಳನ್ನೂ ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಾರೆ. ಯಾರಿಗಾದರೂ ಏನಾದರೂ ಸಿಕ್ಕಿತೆಂದರೆ, ಏನು ತಿಂದಿದ್ದೆ ಎಂದು ಯಾರೂ ಕೇಳುವುದಿಲ್ಲ. ಬಂಡಿ ಯಾವಾಗ ಹೂಡೋಣ ಎಂದೇ ಕೇಳುತ್ತಾರೆ. ಈಗ ಬಂಡಿ ಎಲ್ಲಿಂದ ಬರಬೇಕು? ಹೊಳೆಗೆ ಸೇತುವೆಯಾಗಿದೆ, ಬೆಳಿಗ್ಗೆ ಬಸ್ಸು ಬರುತ್ತದೆ. ಹೋಗುವವಳ ಪಕ್ಕದಲ್ಲಿ ಇನ್ನೊಬ್ಬಳು ಹತ್ತಿ ಕೂರುತ್ತಾಳೆ.