ಚಿಪ್ಪು ಬಿಡದ ಕೆಂಗಾಲಿ

ಮಕ್ಕಳೇ, ನದಿಯೊಂದು ಕಡಲನ್ನು ಸೇರುವ ಕಡೆ ಕರಿಬಂಡೆಗಳ ನಡುವೆ ಒಂದು ಹೊಂಡವಿತ್ತು. ಕಡಲು ಉಕ್ಕಿದಾಗ ಹೊಂಡ ತುಂಬುತ್ತಿತ್ತು. ಇಳಿದಾಗ ಪಕ್ಕದ ಮರಳದಂಡೆ ಕಾಣುತ್ತಿತ್ತು. ಅಲ್ಲಿ ಶಂಖದೇಡಿಗಳು ವಾಸವಾಗಿದ್ದವು.

ಶಂಖದೇಡಿಗೆ ಮುಂದಿನ ಇಕ್ಕಳ ಗಟ್ಟಿ, ಹಿಂದಿನ ಮೈ ಮಾತ್ರ ಸುಲಿದ ಬಾಳೆಹಣ್ಣಿನಷ್ಟು ಮೆತ್ತಗೆ. ಆ ಮೈಯನ್ನು ಚಿಪ್ಪೊಂದರಲ್ಲಿ ತೂರಿಸಿಕೊಂಡರೆ ಬದುಕು. ಇಲ್ಲವಾದರೆ ಕಡಲಕಾಗೆಯ ಬಾಯಿಗೆ ತುತ್ತು. ಆದರೆ ಚಿಪ್ಪು ಮಾಡಲು ಏಡಿಗೆ ಬಾರದು. ಮಾಡುವುದು ಬಸವನಹುಳು. ಹುಳು ಆಯಸ್ಸು ಮುಗಿಸಿ ಬಿಟ್ಟುಹೋದ ಚಿಪ್ಪೇ ಏಡಿಗೆ ಮನೆ. ಏಡಿ ಪೊರೆ ಕಳಚಿ ಬೆಳೆದಂತೆಲ್ಲ ಆ ಮನೆ ಬಿಗಿಯಾಗುತ್ತದೆ, ಇನ್ನೊಂದು ಬೇಕಾಗುತ್ತದೆ.

ಅದಕ್ಕೇ ಅಲ್ಲೊಂದು ಪದ್ಧತಿಯಿತ್ತು. ದಂಡೆಗೆ ದೊಡ್ಡ ಚಿಪ್ಪು ಬಂದು ಬಿದ್ದರೆ ಏಡಿಗಳು ಅದರ ಹಿಂದೆ ಸಾಲುಗಟ್ಟುತ್ತಿದ್ದವು. ದೊಡ್ಡವರು ಮುಂದೆ, ಚಿಕ್ಕವರು ಹಿಂದೆ. ಮೊದಲನೆಯ ಏಡಿ ಆ ದೊಡ್ಡ ಚಿಪ್ಪಿಗೆ ಹೋದೊಡನೆ ಎರಡನೆಯದು ಅದು ಬಿಟ್ಟ ಚಿಪ್ಪಿಗೆ, ಮೂರನೆಯದು ಎರಡನೆಯದರ ಚಿಪ್ಪಿಗೆ. ಎಲ್ಲರೂ ಒಟ್ಟಿಗೆ ಹೊರಬಂದು ಒಟ್ಟಿಗೆ ಒಳಹೋಗಬೇಕು. ಬರಿಮೈಯಲ್ಲಿ ನಿಂತಷ್ಟೂ ಅಪಾಯ. ಹೀಗೆ ಒಂದು ಚಿಪ್ಪು ಬಂದರೆ ಸಾಲಿಗೆ ಸಾಲೇ ಮನೆ ಬದಲಿಸುತ್ತಿತ್ತು.

ಕೆಂಪು ಕಾಲಿನ ಕೆಂಗಾಲಿಗೆ ಈ ಪದ್ಧತಿ ಸೇರುತ್ತಿರಲಿಲ್ಲ.

"ಯಾರ್ಯಾರೋ ಇದ್ದು ಬಿಟ್ಟ ಎಂಜಲು ಚಿಪ್ಪಿಗೆ ನಾನು ಹೋಗಬೇಕೇ?" ಎಂದಳು ಒಮ್ಮೆ, ಸಾಲಿನಲ್ಲಿ ನಿಂತೇ.

"ಕಡಲು ತೊಳೆಯದ ಎಂಜಲು ಯಾವುದಿದೆ ಮಗಳೇ?" ಎಂದಳು ಗೀರಜ್ಜಿ. ಹೊಂಡಕ್ಕೆ ಹಿರಿಯಳು ಅವಳು. ಅವಳ ಚಿಪ್ಪಿನ ತುಂಬ ಗೀರುಗಳು. "ಇದರಲ್ಲಿ ಮೊದಲು ನನ್ನ ಅತ್ತೆ ಇದ್ದಳು. ಅವಳಿಗೂ ಮೊದಲು ಇನ್ಯಾರೋ. ತೂತು ಬೀಳುವವರೆಗೆ ಮನೆ ಮನೆಯೇ."

"ಅದಕ್ಕೇ ಅಜ್ಜಿ, ನೀವು ಬಂದರೆ ಬಂಡೆಯ ಚೂರು ನಡೆದು ಬಂದ ಹಾಗಿರುತ್ತದೆ."

ಸಾಲೆಲ್ಲ ನಕ್ಕಿತು. ಗೀರಜ್ಜಿಯೂ ನಕ್ಕಳು.

"ಕಾಗೆಗೂ ಹಾಗೇ ಕಾಣುತ್ತದೆ ಮಗಳೇ. ಇಷ್ಟು ಮುದಿಯಾದದ್ದು ಮತ್ತೆ ಹೇಗೆ?"

ಕೆಂಗಾಲಿ ಸಾಲು ಬಿಟ್ಟು ಹೊರಟಳು. ಹೊಂಡದ ಮೂಲೆಯಲ್ಲಿ ಒಂದು ನಕ್ಷತ್ರಮೀನು ಇತ್ತು. ಬಸವನಹುಳು ಅದರ ಊಟ. ಚಿಪ್ಪನ್ನು ಒಡೆಯದೆ ಒಳಗಿನ ಹುಳುವನ್ನಷ್ಟೇ ತಿಂದು ಮುಗಿಸುತ್ತಿತ್ತು. ಆದರೆ ಅದರ ಕಣ್ಣು ಮಂದ, ನಡಿಗೆ ಇನ್ನೂ ಮಂದ. ಅರೆಹೊಟ್ಟೆಯಲ್ಲೇ ಇರುತ್ತಿತ್ತು.

"ನಕ್ಷತ್ರಣ್ಣ, ಹುಳುಗಳು ಎಲ್ಲಿ ಅಡಗುತ್ತವೆಂದು ನಾನು ತೋರಿಸುತ್ತೇನೆ," ಎಂದಳು ಕೆಂಗಾಲಿ. "ಹುಳು ನಿನಗೆ, ಚಿಪ್ಪು ನನಗೆ."

"ನನಗೇನು ನಷ್ಟ? ನಡಿ."

ಆ ದಿನವೇ ಕೆಂಗಾಲಿಗೆ ಹೊಚ್ಚಹೊಸ ಚಿಪ್ಪು ಸಿಕ್ಕಿತು. ಒಳಗೆ ಎಳೆಗೆಂಪು. ಹೊರಗೆ ಒಂದು ಗೀರೂ ಇಲ್ಲ. ಅವಳು ಅದನ್ನು ತೊಟ್ಟು ದಂಡೆಯ ಉದ್ದಕ್ಕೂ ಸುಮ್ಮನೆ ಓಡಾಡಿದಳು.

ತಂಗಿ ತೆಳ್ಳಿ ಹಿಂದೆಯೇ ಬಂದಳು. ಅಕ್ಕನಿಗಿಂತ ಒಂದೇ ಪೊರೆ ಚಿಕ್ಕವಳು ಅವಳು.

"ಅಕ್ಕ, ನಿನ್ನ ಹಳೆಯದು ನನಗೆ ಸರಿಯಾಗುತ್ತದೆ. ಕೊಡುತ್ತೀಯಾ?"

"ನಾನು ಬಿಟ್ಟದ್ದನ್ನು ನೀನು ಹೊತ್ತು ತಿರುಗಿದರೆ ನೋಡಿದವರು ಏನೆಂದಾರು? ನಿನಗೂ ನಾಚಿಕೆ, ನನಗೂ ನಾಚಿಕೆ."

"ನನಗೇನೂ ನಾಚಿಕೆಯಿಲ್ಲ. ಬೆನ್ನು ನೋಯುತ್ತಿದೆ, ಅಷ್ಟೆ."

ಕೆಂಗಾಲಿ ಹಳೆಯ ಚಿಪ್ಪನ್ನು ತಳ್ಳಿಕೊಂಡು ಹೋಗಿ ಬಂಡೆಯ ಆಳವಾದ ಸೀಳಿಗೆ ಬೀಳಿಸಿದಳು. ತನ್ನದಾಗಿದ್ದುದು ಇನ್ನೊಬ್ಬರ ಮೈಮೇಲೆ ಕಾಣುವುದು ಅವಳಿಗೆ ಬೇಡವಾಗಿತ್ತು. ತೆಳ್ಳಿ ಬೇರೆಲ್ಲೋ ಒಂದು ಬಿಗಿಯಾದ ಚಿಪ್ಪು ಹುಡುಕಿಕೊಂಡಳು.

ಮುಂದೆ ಪೊರೆ ಕಳಚಿದಾಗಲೆಲ್ಲ ಕೆಂಗಾಲಿಗೆ ಹೊಸದು ಬೇಕಾಯಿತು. ಆಮೇಲಾಮೇಲೆ ಬಣ್ಣ ಮಾಸಿದರೂ ಹೊಸದು ಬೇಕಾಯಿತು. ಒಬ್ಬಳನ್ನು ನೋಡಿ ಇನ್ನೊಬ್ಬರು. ಏಡಿಗಳೆಲ್ಲ ನಕ್ಷತ್ರಮೀನಿಗೆ ದಾರಿ ತೋರಿಸತೊಡಗಿದವು, ಹಳೆಯದನ್ನು ಸೀಳಿಗೆ ಎಸೆಯತೊಡಗಿದವು. ಕಡಲು ಅದರ ಮೇಲೆ ಮರಳು ಸುರಿದು ಸೀಳನ್ನೇ ಮುಚ್ಚಿತು.

ಮೊಟ್ಟೆಯಿಡುವ ಮೊದಲೇ ತಿಂದುಬಿಟ್ಟರೆ ಹುಳು ಹೇಗೆ ಉಳಿದೀತು? ಬಸವನಹುಳುಗಳು ಕಡಿಮೆಯಾದವು. ಬಂಡೆಯ ಪಾಚಿಯನ್ನು ಮೇಯುತ್ತಿದ್ದುದು ಅವೇ. ಈಗ ಪಾಚಿ ದಪ್ಪಗೆ ಬೆಳೆಯಿತು, ಕೊಳೆಯಿತು. ಹೊಂಡದ ನೀರು ನಾರಿತು. ಮೀನಿನ ಮರಿಗಳು ಅತ್ತ ಬರುವುದನ್ನು ನಿಲ್ಲಿಸಿದವು.

ಒಂದು ಬೆಳಿಗ್ಗೆ ನಕ್ಷತ್ರಮೀನು ಹೊರಟು ನಿಂತಿತು.

"ಎಲ್ಲಿಗೆ?" ಎಂದಳು ಕೆಂಗಾಲಿ.

"ಹುಳು ಇರುವ ಕಡೆಗೆ. ಇಲ್ಲಿ ಇನ್ನೇನಿದೆ?"

"ನನ್ನ ಚಿಪ್ಪು ಬಿಗಿಯಾಗುತ್ತಿದೆಯಲ್ಲ."

"ಅದು ನಿನ್ನ ಕಷ್ಟ ತಾಯಿ. ನನಗೆ ಚಿಪ್ಪು ಬೇಕಿಲ್ಲ," ಎಂದು ಅದು ಅಲೆಯೊಳಗೆ ಇಳಿದುಹೋಯಿತು.

ಆಮೇಲೆ ದಂಡೆಗೆ ಬಹಳ ಕಾಲ ಯಾವ ಚಿಪ್ಪೂ ಬರಲಿಲ್ಲ. ಏಡಿಗಳು ದಿನವೂ ಸಾಲು ನಿಂತು, ನೀರು ಏರಿದಾಗ ಸುಮ್ಮನೆ ಚದುರುತ್ತಿದ್ದವು. ಕೆಲವರು ಮರುದಿನ ಬರುತ್ತಿರಲಿಲ್ಲ. ಅವರ ವಿಷಯ ಯಾರೂ ಕೇಳುತ್ತಿರಲಿಲ್ಲ.

ತೆಳ್ಳಿ ಎರಡು ಸಲ ಪೊರೆ ಕಳಚಿದ್ದಳು. ಅರ್ಧ ಮೈ ಚಿಪ್ಪಿನ ಹೊರಗೇ ಇತ್ತು. ಕಾಗೆಯ ನೆರಳು ಬಿದ್ದರೆ ಅವಳು ಒಳಸೇರಲಾರದೆ ಮರಳಿಗೆ ಮೈ ಒತ್ತಿ ಮಲಗುತ್ತಿದ್ದಳು. ನೋಡಿದಾಗಲೆಲ್ಲ ಕೆಂಗಾಲಿ ಅವಳ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಆದರೂ ತನ್ನ ಚಿಪ್ಪಿನ ಹೊಳಪನ್ನು ಅಲೆಯಲ್ಲಿ ತಿಕ್ಕಿ ಉಳಿಸಿಕೊಂಡಿದ್ದಳು.

ಕೊನೆಗೊಂದು ಮಧ್ಯಾಹ್ನ ಅಲೆ ಒಂದು ಚಿಪ್ಪನ್ನು ತಂದು ಹಾಕಿತು. ದೊಡ್ಡದು. ಎಲ್ಲಿಂದಲೋ ಬಂದದ್ದು, ತುಂಬ ಹಳೆಯದು. ಗೀರಜ್ಜಿ ಇಕ್ಕಳ ಹಾಕಿ ಅಳೆದು ನೋಡಿದಳು.

"ನನಗೆ ಸಾಲದು. ಕೆಂಗಾಲಿ, ನಿನಗೆ ಸರಿ. ನೀನು ಮುಂದೆ ನಿಲ್ಲು. ನಿನ್ನ ಹಿಂದೆ ತೆಳ್ಳಿ."

ತೆಳ್ಳಿ ಅಕ್ಕನ ಚಿಪ್ಪನ್ನು ಮೆಲ್ಲಗೆ ಹಿಡಿದುಕೊಂಡಳು. ಅವಳ ಹಿಂದೆ ಅವಳಿಗಿಂತ ಚಿಕ್ಕವನಾದ ಗುಂಡ, ಗುಂಡನ ಹಿಂದೆ ಉಳಿದವರು. ಮೇಲೆ ಕಡಲಕಾಗೆಯೊಂದು ಸುತ್ತುತ್ತಿತ್ತು.

"ಅಕ್ಕ, ಈ ಸಲ ಬಿಟ್ಟು ಹೋಗುತ್ತೀಯಲ್ಲ?"

"ಹೂಂ, ಬಿಡುತ್ತೇನೆ. ನೀನು ತಯಾರಾಗಿರು."

ಅವಳು ಸುಳ್ಳು ಹೇಳಿರಲಿಲ್ಲ. ಬಿಡಬೇಕೆಂದೇ ಇದ್ದಳು.

"ಹಾಂ, ಈಗ," ಎಂದಳು ಗೀರಜ್ಜಿ.

ಕೆಂಗಾಲಿ ಹೊರಬಂದು ದೊಡ್ಡ ಚಿಪ್ಪಿಗೆ ಸರಿದಳು. ಒಳಗೆ ಒರಟು, ಹೊರಗೆ ಬೂದು ಬಣ್ಣ. ತಿರುಗಿ ನೋಡಿದಳು. ತಾನು ತಿಕ್ಕಿ ತಿಕ್ಕಿ ಬೆಳಗಿದ್ದ ಚಿಪ್ಪು ಬಿಸಿಲಲ್ಲಿ ಹೊಳೆಯುತ್ತಿತ್ತು. ತನಗೆ ಈ ಬೂದು, ತಂಗಿಗೆ ಆ ಹೊಳಪು. ಅಷ್ಟೇ ಯೋಚನೆ ಬಂದದ್ದು. ಅಷ್ಟರಲ್ಲಿ ಹಳೆಯ ಚಾಳಿಯ ಇಕ್ಕಳ ಮುಂದೆ ಚಾಚಿ ಚಿಪ್ಪನ್ನು ತನ್ನತ್ತ ಎಳೆದುಕೊಂಡಿತ್ತು.

ತೆಳ್ಳಿ ಆಗಲೇ ಹೊರಬಂದಿದ್ದಳು. ಮುಂದೆ ಚಿಪ್ಪಿಲ್ಲ. ಹಿಂದಿರುಗಿದಳು. ಅವಳು ಬಿಟ್ಟದ್ದರೊಳಗೆ ಗುಂಡ ಸೇರಿದ್ದ. ಗುಂಡನದರಲ್ಲಿ ಅವನ ಹಿಂದಿನವಳು. ಸಾಲೆಲ್ಲ ಒಳಗಿತ್ತು. ತೆಳ್ಳಿ ಒಬ್ಬಳೇ ಹೊರಗಿದ್ದಳು.

"ಅಕ್ಕ," ಎಂದಳು. ಕೂಗಲಿಲ್ಲ. ಕೇಳಿದಳು, ಅಷ್ಟೆ.

ಕೆಂಗಾಲಿ ಚಿಪ್ಪನ್ನು ಬಿಟ್ಟಳು. ಅದು ಮರಳಿನ ಇಳಿಜಾರಿನಲ್ಲಿ ತಂಗಿಯ ಕಡೆಗೇ ಉರುಳಿತು. ತೆಳ್ಳಿ ಅದರತ್ತ ಓಡಿದಳು. ಕಡಲಕಾಗೆ ಇಳಿಯಿತು, ಏರಿತು. ಖಾಲಿ ಚಿಪ್ಪು ಮಾತ್ರ ಇನ್ನೊಂದು ಸುತ್ತು ಉರುಳಿ ನಿಂತಿತು.

ಗುಂಡ ತನ್ನ ಹೊಸ ಮನೆಯೊಳಗಿಂದ ತಲೆ ಹೊರಹಾಕಲಿಲ್ಲ. ನೀರು ಏರತೊಡಗಿತು. ಒಬ್ಬೊಬ್ಬರಾಗಿ ಎಲ್ಲರೂ ಹೊಂಡದತ್ತ ಹೋದರು. ಕೆಂಗಾಲಿ ಮಾತ್ರ ಆ ಚಿಪ್ಪಿನ ಪಕ್ಕದಲ್ಲೇ ಕೂತಿದ್ದಳು.

ಗೀರಜ್ಜಿ ನಿಧಾನವಾಗಿ ಹತ್ತಿರ ಬಂದಳು.

"ಏಳು ಮಗಳೇ. ಅದನ್ನು ಅಲ್ಲೇ ಬಿಡು. ಮುಂದೆ ಬೆಳೆದ ಮೇಲೆ ಗುಂಡನಿಗೆ ಆಗುತ್ತದೆ."

"ತೆಳ್ಳಿಗೆ ಇವತ್ತೇ ಆಗುತ್ತಿತ್ತು ಅಜ್ಜಿ."

ಗೀರಜ್ಜಿ ಸುಳ್ಳು ಸಮಾಧಾನ ಹೇಳುವವಳಲ್ಲ.

"ಹೌದು," ಎಂದಳು. "ಆಗುತ್ತಿತ್ತು."

ನೀತಿ: ನೀನು ಬಳಸಿ ಮುಗಿಸಿದ್ದನ್ನು ಬೇಕಾದವರಿಗೆ ಹೊತ್ತಿಗೆ ಸರಿಯಾಗಿ ಕೊಡು, ಬೇರೆಯವರು ಕೊಟ್ಟದ್ದನ್ನು ನಾಚದೆ ಬಳಸು, ಪ್ರತಿಯೊಂದು ಹೊಸದಕ್ಕೂ ಎಲ್ಲೋ ಒಂದು ಜೀವ ಬೆಲೆ ತೆತ್ತಿರುತ್ತದೆ.