ವೇಗ ಏರಿಸಿದ ಕಾರ್ಡು

ಹರಿಹರದಿಂದ ತುಸು ಆಚೆ, ತುಂಗಭದ್ರೆಯ ದಡದಲ್ಲಿ ನಾಗವೇಣಿ ಮೇಡಂ ಅವರ ಮನೆ.

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತರಾದವರು ಅವರು. ಆಮೇಲೆ ಮನೆಯ ಒಂದು ಕೋಣೆಯನ್ನು ಖಾಲಿ ಮಾಡಿ, ಅಲ್ಲಿ ಕಂಪ್ಯೂಟರಿನ ಭಾಗಗಳನ್ನು ಪರೀಕ್ಷೆ ಮಾಡುತ್ತ, ಕಂಡದ್ದನ್ನು ಕನ್ನಡದಲ್ಲಿ ಬರೆದು ಇಂಟರ್ನೆಟ್ಟಿನಲ್ಲಿ ಹಾಕುತ್ತ ಬಂದರು. ಅವರು ಚೆನ್ನಾಗಿದೆ ಅಂದದ್ದನ್ನು ಜನ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು.

ಕಲಿಯುತ್ತೇವೆಂದು ಬಂದವರು ಬಹಳ ಮಂದಿ. ಹೆಚ್ಚಿನವರು ಮಳೆಗಾಲ ಕಳೆಯುವುದರೊಳಗೆ ಹೋದರು. ತಿಪ್ಪೇಶ ಒಬ್ಬ ಉಳಿದ.

ಆ ಬೇಸಿಗೆಯಲ್ಲಿ ಮೇಡಂ ಮಂಚ ಹಿಡಿದಿದ್ದರು. ಕಿಡ್ನಿ ಎರಡೂ ಸೋತಿದ್ದವು. ದಾವಣಗೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬಂದ ದಿನ ಅವರಿಗೆ ಮಾತಾಡುವುದಕ್ಕೂ ಶಕ್ತಿ ಇರುತ್ತಿರಲಿಲ್ಲ. ಇನ್ನು ಬಹಳ ಕಾಲ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ.

ಆಗ ಒಂದು ಗ್ರಾಫಿಕ್ಸ್ ಕಾರ್ಡು ಪರೀಕ್ಷೆಗೆ ಬಂತು. ಕಂಪ್ಯೂಟರಿನಲ್ಲಿ ಆಟದ ಚಿತ್ರಗಳನ್ನು ಮೂಡಿಸುವುದು ಅದರ ಕೆಲಸ. ಅದರೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಮಾಡಿದವರು ಗೊತ್ತು ಮಾಡಿದ್ದ ವೇಗವನ್ನು ಈ ಕಾರ್ಡಿನ ಕಂಪನಿಯವರು ತಮ್ಮ ಕಾರ್ಖಾನೆಯಲ್ಲೇ ಇನ್ನಷ್ಟು ಏರಿಸಿ, ಆ ಮಾತನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು.

"ಇದನ್ನು ನೀನೇ ನೋಡು," ಅಂದರು ಮೇಡಂ. "ನಾನು ಕೈ ಹಾಕಲ್ಲ. ಬರೆದದ್ದರ ಕೆಳಗೆ ನಿನ್ನ ಹೆಸರಿರಲಿ."

ತಿಪ್ಪೇಶ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಕೋಣೆಗೆ ಹೋದ.

ಸಂಜೆ ಹೊರಗೆ ಬಂದಾಗ ಅವನ ಮುಖ ಅರಳಿತ್ತು.

"ಹೇಗಿದೆ?"

"ಬೆಂಕಿ, ಮೇಡಂ!"

"ಬೆಂಕಿ ಅಂದರೆ ಎಷ್ಟು ಡಿಗ್ರಿ?"

ಅವನು ನಕ್ಕ. "ಅರವತ್ತೆಂಟು ದಾಟಲಿಲ್ಲ. ಇದರ ಮುಂದೆ ಬೇರೆ ಯಾವ ಕಾರ್ಡೂ ನಿಲ್ಲಲ್ಲ ಮೇಡಂ."

"ಕೋಣೆ ಎಷ್ಟಿತ್ತು?"

"ಎಸಿ ಹಾಕಿದ್ದೆ."

"ಓದುವವರ ಮನೆಯಲ್ಲಿ ಎಸಿ ಇದೆಯಾ?"

ತಿಪ್ಪೇಶ ಇಲ್ಲವೆಂದು ತಲೆ ಅಲ್ಲಾಡಿಸಿದ.

"ನಾಳೆ ಎಸಿ ಆರಿಸು. ಕಿಟಕಿ ಮುಚ್ಚು. ನೀನೂ ಒಳಗೇ ಕೂತಿರು."

"ನಾನ್ಯಾಕೆ ಮೇಡಂ? ಎಲ್ಲಾ ಕಂಪ್ಯೂಟರೇ ದಾಖಲು ಮಾಡುತ್ತಲ್ಲ."

"ಅದಕ್ಕೆ ಬೆವರು ಬರಲ್ಲ," ಅಂದರು ಮೇಡಂ.

ಮರುದಿನ ಅವನು ಹಾಗೆಯೇ ಮಾಡಿದ. ಬಿಸಿಲು ಏರಿದಂತೆ ಕೋಣೆ ಕಾದ ಹಂಚಿನಂತಾಯಿತು. ಅಂಗಿ ಮೈಗೆ ಅಂಟಿತು. ಕಾರ್ಡಿನ ಫ್ಯಾನುಗಳು ಒಂದೇ ಸಮನೆ ಅರಚತೊಡಗಿದವು. ಪರದೆಯ ಮೇಲೆ ಆಟದ ಸೈನಿಕನೊಬ್ಬ ಗೋಡೆ ಹಾರುತ್ತಿದ್ದ.

ಹಾರಿದವನು ಕೆಳಗೆ ಇಳಿಯಲಿಲ್ಲ. ಗಾಳಿಯಲ್ಲಿ ಕಾಲೆತ್ತಿಕೊಂಡು ಹಾಗೇ ನಿಂತುಬಿಟ್ಟ. ಸದ್ದು ಒಂದೇ ಸ್ವರಕ್ಕೆ ಸಿಕ್ಕಿಹಾಕಿಕೊಂಡಿತು. ಆಮೇಲೆ ಪರದೆ ಕಪ್ಪಾಯಿತು.

ತಿಪ್ಪೇಶ ಮತ್ತೆ ಚಾಲೂ ಮಾಡಿದ. ಕತ್ತಲಾಗುವ ತನಕ ಓಡಿಸಿದ. ಮತ್ತೆ ನಿಲ್ಲಲಿಲ್ಲ.

ಆಟದ್ದೇ ದೋಷ ಇರಬೇಕು ಅಂದುಕೊಂಡ. ಕರೆಂಟು ಅಲ್ಲಾಡಿರಬೇಕು ಅಂತಲೂ ಅನಿಸಿತು. ನಿಜ ತಿಳಿಯಬೇಕಾದರೆ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ನೋಡಬೇಕು, ಇನ್ನೊಂದು ವಾರ ಹಿಡಿಯುತ್ತದೆ. ಆಗಲೇ ಬೇರೆ ಊರುಗಳ ಬರಹಗಾರರು ಈ ಕಾರ್ಡನ್ನು ಹೊಗಳಿ ಮುಗಿಸಿದ್ದರು. ನಿಮ್ಮದು ಯಾವಾಗ ಎಂದು ಓದುಗರು ದಿನವೂ ಕೇಳುತ್ತಿದ್ದರು.

ಅವನು ಬರೆಯಲು ಕೂತ. ವೇಗದ ಬಗ್ಗೆ ಬರೆದ, ಸದ್ದಿನ ಬಗ್ಗೆ ಬರೆದ, ಕಾವಿನ ಬಗ್ಗೆಯೂ ಬರೆದ. ಬಿಸಿಲೂರಿನವರೂ ಧೈರ್ಯವಾಗಿ ಕೊಳ್ಳಬಹುದು ಎಂದು ಮುಗಿಸಿದ. ನಿಂತುಹೋದ ಸಂಗತಿಯನ್ನು ಬರೆಯಲಿಲ್ಲ.

ಮೇಡಂ ಮಂಚದ ಮೇಲೆ ಒರಗಿ ಕೂತು, ಕನ್ನಡಕ ಏರಿಸಿ, ಕೊನೆಯ ಅಕ್ಷರದವರೆಗೂ ನಿಧಾನವಾಗಿ ಓದಿದರು. ಓದಿ ಅವನ ಮುಖ ನೋಡಿದರು.

ಅವನು ಕಿಟಕಿಯ ಕಡೆ ತಿರುಗಿದ. ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿದ್ದವು.

"ಹಾಕಲಾ ಮೇಡಂ?"

"ಹೆಸರು ನಿನ್ನದು," ಅಂದರು ಅವರು.

ಅವನು ಹಾಕಿದ. ಓದಿದವರು ಹೊಗಳಿದರು. ಗುರುವಿಗೆ ತಕ್ಕ ಶಿಷ್ಯ ಎಂದು ಯಾರೋ ಬರೆದಿದ್ದರು. ಅದನ್ನು ತಿಪ್ಪೇಶ ಮತ್ತೆ ಮತ್ತೆ ಓದಿದ.

ಕೆಲವು ದಿನ ಕಳೆದ ಮೇಲೆ ಫೋನು ಬಂತು. ಹೆಣ್ಣುಮಗಳ ದನಿ.

"ನಾಗವೇಣಿ ಮೇಡಂ ಅವರ ಮನಿ ಏನ್ರಿ? ನಾ ರಾಯಚೂರಿಂದ ಹುಲಿಗೆಮ್ಮ ಅಂತ."

"ಅವರಿಗೆ ಹುಷಾರಿಲ್ಲ. ನಾನು ತಿಪ್ಪೇಶ, ಅವರ ಹತ್ತಿರ ಕಲಿಯುತ್ತಿದ್ದೇನೆ."

"ಅಯ್ಯ, ನೀವೇ ಏನ್ರಿ! ನೀವು ಬರೆದದ್ದು ಓದೇ ಆ ಕಾರ್ಡ್ ತಗೊಂಡೀವ್ರಿ ಸರ್."

ಅವಳು ಹೇಳುತ್ತ ಹೋದಳು. ಐದು ಮಂದಿ ಗೆಳತಿಯರು ಸೇರಿ ಒಂದು ತಂಡ ಕಟ್ಟಿದ್ದಾರೆ. ಅವರವರ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಒಟ್ಟಿಗೆ ಆಡುತ್ತಾರೆ. ಬರುವ ಭಾನುವಾರ ದೊಡ್ಡ ಪಂದ್ಯ. ಗೆದ್ದರೆ ಹೈದರಾಬಾದಿನಲ್ಲಿ ತರಬೇತಿ, ಊಟ ವಸತಿ ಎಲ್ಲ ಪಂದ್ಯ ನಡೆಸುವವರದೇ. ಆಟ ಆಟ ಅಂತ ಕೂತವಳಿಗೆ ಅಪ್ಪ ಆ ಭಾನುವಾರದ ತನಕ ಗಡುವು ಕೊಟ್ಟಿದ್ದಾರೆ, ಆಮೇಲೆ ಆಟವಿಲ್ಲ.

"ಆಡ್ತಾ ಆಡ್ತಾ ಚಿತ್ರ ನಿಂತುಬಿಡ್ತದ್ರಿ. ಅಂಗಡಿಯವರು ಕರೆಂಟಿಂದು ಅಂತಾರ. ನಮ್ಮಣ್ಣ ಪವರ್ ಸಪ್ಲೈ ಬದಲಿ ಮಾಡ್ಯಾನ. ಆದ್ರೂ ನಿಲ್ತದ. ಅದಕ್ಕ ಕೇಳೂಣ ಅಂತ ಮಾಡಿದೆ. ನಿಮ್ಮ ಕಡೆ ಒಮ್ಮೆಯಾದ್ರೂ ಹಂಗ ಆಗಿತ್ತೇನ್ರಿ?"

ತಿಪ್ಪೇಶ ಮಂಚದ ಕಡೆ ನೋಡಿದ. ಮೇಡಂ ಕಣ್ಣು ಮುಚ್ಚಿ ಮಲಗಿದ್ದರು.

"ಇಲ್ಲ," ಅಂದ.

"ಹಂಗಾರ ನಮ್ಮದರಾಗೇ ಏನೋ ಅದ ಬಿಡ್ರಿ." ಅವಳು ನಾಚಿಕೊಂಡಂತೆ ನಕ್ಕಳು. "ನಿಮಗ ಸುಮ್ನ ತ್ರಾಸ ಕೊಟ್ಟೆ. ಮೇಡಂ ಅವರಿಗೆ ಲಗೂನ ಆರಾಮ ಆಗ್ಲಿ ಸರ್."

ಫೋನು ಇಟ್ಟ ಮೇಲೆ ಮಂಚದಿಂದ ದನಿ ಬಂತು.

"ಯಾರು?"

"ರಾಯಚೂರಿನ ಹುಡುಗಿ. ಕಾರ್ಡು ನಿಲ್ಲುತ್ತಂತೆ. ಕರೆಂಟಿನದೇ ಇರಬೇಕು."

"ಹೋಗಿ ನೋಡಿ ಬಾ."

"ನೀವು ಹೀಗಿರುವಾಗ ಹೇಗೆ ಬಿಟ್ಟು ಹೋಗಲಿ ಮೇಡಂ?"

"ನಾನು ಹೀಗೇ ಇರ್ತೀನಿ. ಪಕ್ಕದ ಮನೆಯವರಿದ್ದಾರೆ. ಹೋಗು."

ಅವನು ಅಂದು ಹೋಗಲಿಲ್ಲ. ಮರುದಿನ ಡಯಾಲಿಸಿಸ್ ಇತ್ತು. ಅದರ ಮರುದಿನ ಮೇಡಂ ಬಹಳ ಸುಸ್ತಾಗಿದ್ದರು. ಅವನಿಗೆ ಅವರ ಕಾಯಿಲೆ ಒಂದು ನೆಪವಾಗಿ ಸಿಕ್ಕಿತು, ಅದು ನೆಪವೆಂದು ಅವನಿಗೇ ಗೊತ್ತಿತ್ತು. ಗಂಜಿ ಕಾಸಿದ, ಕಾಲು ಒತ್ತಿದ, ಹಾಸಿಗೆ ಕೊಡವಿದ.

ಮೇಡಂ ಮತ್ತೆ ಹೇಳಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟು ಅವನು ಇನ್ನೂ ಅಲ್ಲೇ ಇರುವುದನ್ನು ಕಂಡರೆ ಗೋಡೆಯ ಕಡೆ ಮಗ್ಗುಲಾಗುತ್ತಿದ್ದರು.

ಭಾನುವಾರ ಕಳೆಯಿತು. ಸೋಮವಾರ ನಸುಕಿನಲ್ಲೇ ಅವನು ಬಸ್ಸು ಹತ್ತಿದ.

ರಾಯಚೂರಿನಲ್ಲಿ ಇಳಿದಾಗ ಬಿಸಿಲು ಕಣ್ಣು ಬಿಡಗೊಡಲಿಲ್ಲ. ಕಂಪ್ಯೂಟರ್ ಅಂಗಡಿಗಳಲ್ಲಿ ಅವಳ ಹೆಸರು ಹೇಳಿ, ಮನೆ ಕೇಳಿಕೊಂಡು ಹೋದ. ಮಹಡಿಯ ಮೇಲೆ ತಗಡು ಹೊದಿಸಿದ ಒಂದು ಕೋಣೆ. ಮೂಲೆಯಲ್ಲಿ ಕಂಪ್ಯೂಟರಿನ ಮೇಲೆ ಹಳೆಯ ದುಪ್ಪಡಿ ಹೊದಿಸಿತ್ತು.

ಹುಲಿಗೆಮ್ಮನಿಗೆ ಇಪ್ಪತ್ತರ ಆಸುಪಾಸು. ಅವನು ಯಾರೆಂದು ತಿಳಿದ ಕೂಡಲೇ ಕುರ್ಚಿ ಒರೆಸಿ ಕೊಟ್ಟಳು.

"ಇಷ್ಟು ದೂರ ಬಂದ್ರಲ್ರಿ ಸರ್! ಫೋನ್ ಮಾಡಿದ್ದು ತಪ್ಪಾತು."

"ಯಾಕೆ ಮುಚ್ಚಿಟ್ಟಿದ್ದೀರಿ?"

"ನಿನ್ನೆ ಮುಗೀತಲ್ರಿ."

"ಏನಾಯಿತು?"

"ಕಡೀ ಸುತ್ತಿನಾಗ ನಾವೇ ಮುಂದಿದ್ವಿ. ನಿಂತುಬಿಡ್ತು. ಮತ್ತ ಚಾಲೂ ಆಗೋದ್ರಾಗ ಎಲ್ಲಾ ಆಗಿಹೋಗಿತ್ತು."

"ನಿಮ್ಮ ಗೆಳತಿಯರು ಏನಂದರು?"

"ಏನೂ ಅನ್ಲಿಲ್ರಿ." ಅವಳು ದುಪ್ಪಡಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಯಾರೂ ಫೋನೇ ಮಾಡಿಲ್ಲ."

ತಿಪ್ಪೇಶ ದುಪ್ಪಡಿ ತೆಗೆದು ಕಂಪ್ಯೂಟರು ಚಾಲೂ ಮಾಡಿದ. ತಗಡಿನ ಕಾವು ನೆತ್ತಿಗೆ ಇಳಿಯುತ್ತಿತ್ತು. ಆಟ ಹಚ್ಚಿದ. ಫ್ಯಾನುಗಳು ಅರಚಿದವು. ಸ್ವಲ್ಪ ಹೊತ್ತಿಗೆಲ್ಲ ಚಿತ್ರ ಹೆಪ್ಪುಗಟ್ಟಿದ ಹಾಗೆ ನಿಂತು, ಸದ್ದು ಒಂದೇ ಸ್ವರಕ್ಕೆ ಸಿಕ್ಕಿಹಾಕಿಕೊಂಡು, ಪರದೆ ಕಪ್ಪಾಯಿತು.

"ನೋಡ್ರಿ, ಹಿಂಗೇ ಆಗ್ತದ," ಅಂದಳು ಹುಲಿಗೆಮ್ಮ.

ಅವನಿಗೆ ನೋಡಬೇಕಾಗಿರಲಿಲ್ಲ. ಕಾರ್ಡಿನ ವೇಗ ಹೊಂದಿಸುವ ಜಾಗ ತೆರೆದು, ಚಿಪ್ಪು ಮಾಡಿದವರು ಗೊತ್ತು ಮಾಡಿದ್ದ ವೇಗಕ್ಕೇ ಇಳಿಸಿದ. ಇಳಿಸಿದ್ದು ತೀರಾ ಸ್ವಲ್ಪ. ಮತ್ತೆ ಆಟ ಹಚ್ಚಿದ.

ಇಬ್ಬರೂ ಕಾದು ಕೂತರು. ಮಧ್ಯಾಹ್ನ ಕಳೆಯಿತು. ಕೋಣೆ ಇನ್ನಷ್ಟು ಕಾಯಿತು. ಆಟ ನಿಲ್ಲಲಿಲ್ಲ. ವೇಗ ಕಡಿಮೆಯಾದದ್ದು ಕಣ್ಣಿಗೆ ಗೊತ್ತೂ ಆಗುತ್ತಿರಲಿಲ್ಲ.

"ಏನ್ ಮಾಡಿದ್ರಿ ಸರ್?"

"ಕಾರ್ಖಾನೆಯವರು ಏರಿಸಿದ್ದ ವೇಗ ಈ ಕಾವಿಗೆ ತಾಳಲ್ಲ. ಅದನ್ನು ಇಳಿಸಿದೆ."

"ಇಷ್ಟೇ ಏನ್ರಿ?"

"ಇಷ್ಟೇ."

ಅವಳು ಪರದೆಯನ್ನೇ ನೋಡುತ್ತ ಕೇಳಿದಳು, "ಇದನ್ನ ಫೋನಿನ್ಯಾಗ ಹೇಳಕ್ಕ ಬರ್ತಿದ್ದಿಲ್ಲೇನ್ರಿ?"

ತಿಪ್ಪೇಶ ಅವಳ ಕಡೆ ತಿರುಗಿದ.

"ಬರ್ತಿತ್ತು," ಅಂದ. "ನನ್ನ ಹತ್ತಿರವೂ ನಿಂತಿತ್ತು. ನಾನು ಬರೆಯಲಿಲ್ಲ. ನೀವು ಕೇಳಿದಾಗಲೂ ಇಲ್ಲ ಅಂದೆ."

ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಅವಳು ಬೈಯಲಿಲ್ಲ. ಆಟ ನಿಲ್ಲಿಸಿದಳು. ಕಂಪ್ಯೂಟರು ಆರಿಸಿದಳು. ದುಪ್ಪಡಿಯನ್ನು ಮತ್ತೆ ಹೊದಿಸಿ, ನಾಲ್ಕೂ ಮೂಲೆ ಎಳೆದು ಸರಿ ಮಾಡಿದಳು.

"ನಾಳಿಂದ ನಾ ಹತ್ತಿ ಗಿರಣಿ ಆಫೀಸಿಗೆ ಹೋಗಬೇಕ್ರಿ," ಅಂದಳು. "ಅಪ್ಪ ಮಾತಾಡಿ ಬಂದಾರ."

ಒಳಗೆ ಹೋಗಿ ಒಂದು ಚೊಂಬು ನೀರು ತಂದಳು.

"ಬಿಸಿಲಾಗ ಹೊಂಟೀರಿ. ಕುಡದು ಹೋಗ್ರಿ."

ಅವನು ಬೇಡವೆನ್ನಲಾರದೆ ಕುಡಿದ.

ಊರು ಮುಟ್ಟಿದಾಗ ಬೆಳಗಾಗಿತ್ತು. ಮೇಡಂ ಎಚ್ಚರವಾಗಿದ್ದರು. ಒಂದೇ ದಿನದಲ್ಲಿ ಮುಖ ಊದಿ, ಗುರುತು ಸಿಗದ ಹಾಗಾಗಿತ್ತು. ತಿಪ್ಪೇಶ ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದ. ಮುಚ್ಚಿದ ಕೋಣೆಯಲ್ಲಿ ಆದದ್ದು, ಫೋನಿನಲ್ಲಿ ಇಲ್ಲ ಅಂದದ್ದು, ಹೋಗದೆ ಕೂತದ್ದು, ತಗಡಿನ ಕೋಣೆ, ದುಪ್ಪಡಿ, ಗಿರಣಿ. ಏನನ್ನೂ ಬಿಡಲಿಲ್ಲ.

ಮೇಡಂ ಕೇಳಿಸಿಕೊಂಡರು.

ಕೊನೆಗೆ ಅವನೇ ಕೇಳಿದ, "ನಾನು ಬರೆದದ್ದು ಓದಿ ನೀವು ನನ್ನ ಮುಖ ನೋಡಿದಿರಿ. ಆಗಲೇ ಗೊತ್ತಾಗಿತ್ತಾ ಮೇಡಂ?"

"ಏನೋ ಮುಚ್ಚಿಟ್ಟಿದ್ದೀಯ ಅಂತ ಗೊತ್ತಾಗಿತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ದರೆ ಹೇಳಿಬಿಡುತ್ತಿದ್ದೆ ನೀನು."

"ಹೇಳುತ್ತಿದ್ದೆ."

"ಕೇಳದೇ ಇದ್ದರೂ ಹೇಳ್ತೀಯಾ ಅಂತ ನೋಡಬೇಕಿತ್ತು. ನಾನು ಹೋದ ಮೇಲೆ ನಿನ್ನನ್ನ ಕೇಳೋರು ಯಾರೂ ಇರಲ್ಲ." ಅವರು ಉಸಿರು ಎಳೆದುಕೊಂಡರು. "ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ."

ಹೊರಗೆ ಹೊಳೆಯ ಕಲ್ಲಿನ ಮೇಲೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳಿಸುತ್ತಿತ್ತು.

ತಿಪ್ಪೇಶ ಲ್ಯಾಪ್‌ಟಾಪು ತಂದು ತೆರೆದ.

"ಹಳೆಯದನ್ನು ಅಳಿಸಿಬಿಡಲಾ?"

"ಬೇಡ. ಅದು ಇರಲಿ. ಅದರ ಮೇಲೇ ಬರಿ, ಎಲ್ಲರಿಗೂ ಕಾಣುವ ಹಾಗೆ."

ಅವನು ಬರೆದ. ಎಲ್ಲಿ ನಿಂತಿತು, ಯಾಕೆ ನಿಂತಿತು, ಏನು ಮಾಡಿದರೆ ನಿಲ್ಲುವುದಿಲ್ಲ, ತಾನು ಏನನ್ನು ಮುಚ್ಚಿಟ್ಟೆ. ಬರೆದು, ಓದಿ ಹೇಳಿದ.

"ಕೆಳಗೆ ನನ್ನ ಹೆಸರೂ ಹಾಕು," ಅಂದರು ಮೇಡಂ.

"ತಪ್ಪು ನನ್ನದು ಮೇಡಂ. ಇಷ್ಟು ವರ್ಷ ಒಂದು ಕೆಟ್ಟ ಮಾತು ಬರಲಿಲ್ಲ ನಿಮಗೆ. ಈಗ ಈ ಸ್ಥಿತಿಯಲ್ಲಿ..."

"ಹಾಕು."

ಅವನು ತನ್ನ ಹೆಸರಿನ ಪಕ್ಕದಲ್ಲಿ ಅವರ ಹೆಸರು ಬರೆದು, ಹಾಕಿದ. ಲ್ಯಾಪ್‌ಟಾಪು ಮುಚ್ಚಿ, ಮಂಚದ ಪಟ್ಟಿಗೆ ಹಣೆ ಊರಿ ಅತ್ತ.

ಮೇಡಂ ಅವನ ತಲೆ ಮುಟ್ಟಲಿಲ್ಲ. ಅಳು ನಿಲ್ಲುವ ತನಕ ಕಾದರು.

"ಪಾಠ ಕಲಿತೆ ಮೇಡಂ," ಅಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಇನ್ನೆಂದೂ ಮರೆಯಲ್ಲ."

"ಕಲಿತದ್ದು ನಾವಿಬ್ಬರು, ತಿಪ್ಪೇಶ," ಅಂದರು ನಾಗವೇಣಿ ಮೇಡಂ. "ಫೀಸು ಕಟ್ಟಿದವಳು ಆ ಹುಡುಗಿ."