ಸಹಿ ಮಾಡಿ ಹೋದವರ ಸಭೆ

"ಗುರುಗಳೇ, ಯಾರೂ ಕಿವಿಗೊಡದ ಸಭೆಯಲ್ಲಿ ನಾನೊಬ್ಬ ಕೂತಿದ್ದು ಏನು ಪ್ರಯೋಜನ?"

ಕೊಟ್ರೇಶ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಈ ಪ್ರಶ್ನೆ ಕೇಳಿದ. ಅವನು ವಿಶ್ವವಿದ್ಯಾಲಯದ ಅಧ್ಯಾಪಕ. ಎರಡು ವರ್ಷದ ಹಿಂದೆ ಅಧ್ಯಾಪಕರೆಲ್ಲ ಮತ ಹಾಕಿ ಅವನನ್ನು ಸೆನೆಟ್ಟಿಗೆ ಆರಿಸಿದ್ದರು. ಯಾವ ವಿಭಾಗ ಇರಬೇಕು, ಯಾವುದು ಹೋಗಬೇಕು, ಯಾರಿಗೆ ಏನು ಓದಿಸಬೇಕು ಎಂದು ತೀರ್ಮಾನಿಸುವ ಸಭೆ ಅದು. ಅವತ್ತಿನ ಸಭೆಯ ಫೈಲು ಇನ್ನೂ ಅವನ ಕಂಕುಳಲ್ಲೇ ಇತ್ತು.

ವಾಮದೇವಪ್ಪನವರು ಅವನಿಗೆ ಹಿಂದೆ ಪಾಠ ಹೇಳಿದವರು. ಈಗ ನಿವೃತ್ತರು. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸಭೆ ಎಷ್ಟು ಹೊತ್ತಿಗೆ ಶುರುವಾಯಿತು ಎಂದಷ್ಟೇ ಕೇಳಿದರು. ಹನ್ನೊಂದಕ್ಕೆ ಎಂದು ಕೊಟ್ರೇಶ ಹೇಳಿದ. ಇನ್ನು ಮುಂದೆ ಸೆನೆಟ್ಟಿಗೆ ಅಧ್ಯಾಪಕರು ಯಾರನ್ನೂ ಆರಿಸುವುದು ಬೇಡ, ಎಲ್ಲರನ್ನೂ ಕುಲಪತಿಗಳೇ ನೇಮಿಸಲಿ ಎಂಬ ಠರಾವು ಇವತ್ತು ಬರುತ್ತದೆ ಎಂದ. ಬಂದರೆ ಬರಲಿ, ಎಲ್ಲ ಮೊದಲೇ ತೀರ್ಮಾನವಾಗಿದೆ, ಆ ಸಭೆಯಲ್ಲಿ ಮಾತಾಡುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ ಎಂದ. ಅವನ ಬೇಸರ ನಿಜವಾದದ್ದೇ. ಗುರುಗಳು ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿದರು. ಕಾಯಿ ಸುಲಿಯುತ್ತಲೇ ಈ ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಗಣಿತದ ಅಧ್ಯಾಪಕನಿದ್ದ. ಅವನೂ ಸೆನೆಟ್ ಸದಸ್ಯ. ಅಲ್ಲಿ ಒಟ್ಟು ಎಪ್ಪತ್ತೆರಡು ಸದಸ್ಯರು. ಮೂರರಲ್ಲೊಂದು ಪಾಲು, ಅಂದರೆ ಇಪ್ಪತ್ನಾಲ್ಕು ಜನ ಇದ್ದರೆ ಸಭೆ ಸಭೆಯಾಗುತ್ತದೆ. ಬಾಗಿಲ ಬಳಿ ಹಾಜರಿ ಪುಸ್ತಕ ಇಟ್ಟಿರುತ್ತಿದ್ದರು. ಹನ್ನೊಂದಕ್ಕೆ ಸಹಿ, ಒಂದಕ್ಕೆ ಎಲೆ. ನಡುವಿನ ಎರಡು ಗಂಟೆ ಯಾರು ಎಲ್ಲಿದ್ದರು ಎಂದು ಕೇಳುವ ರೂಢಿ ಅಲ್ಲಿರಲಿಲ್ಲ. ಕೆಲವರು ಸಹಿ ಮಾಡಿ ಬ್ಯಾಂಕಿಗೆ ಹೋಗುತ್ತಿದ್ದರು, ಕೆಲವರು ನೆಂಟರ ಮನೆಗೆ. ಊಟದ ಹೊತ್ತಿಗೆ ಮಾತ್ರ ಎಪ್ಪತ್ತೆರಡು ಜನವೂ ಚಾಚೂ ತಪ್ಪದೆ ಹಾಜರಾಗುತ್ತಿದ್ದರು.

ಗಣಿತದವನು ಸೋಮಾರಿಯಲ್ಲ. ಸಹಿ ಮಾಡಿ ನೇರ ಗ್ರಂಥಾಲಯಕ್ಕೆ ಹೋಗಿ ಅವತ್ತಿನ ಸಂಜೆಯ ಪಾಠಕ್ಕೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಹಗಲು ದುಡಿಯುವವರಿಗಾಗಿ ಅವನು ಸಂಜೆ ತರಗತಿ ನಡೆಸುತ್ತಿದ್ದ. ಹದಿನೆಂಟು ವಿದ್ಯಾರ್ಥಿಗಳು. ಗಿರಣಿಯವರಿದ್ದರು, ಹೋಟೆಲಿನ ಗಲ್ಲಾದಲ್ಲಿ ಕೂರುವವನಿದ್ದ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಒಬ್ಬ ಹೆಂಗಸಿದ್ದಳು. ಆ ತರಗತಿ ಅವನ ಪ್ರಾಣ. ಕಿವಿ ಕೇಳದ ಸಭೆಯಲ್ಲಿ ಕೂತು ಕೊಳೆಯುವುದಕ್ಕಿಂತ ಹದಿನೆಂಟು ಜನರಿಗೆ ನಾಲ್ಕು ಅಕ್ಷರ ಚೆನ್ನಾಗಿ ಹೇಳಿಕೊಡುವುದು ಮೇಲು ಎಂಬುದು ಅವನ ಲೆಕ್ಕ. ಆರು ವರ್ಷ ಈ ಲೆಕ್ಕ ತಪ್ಪಾಗಿ ಕಾಣಲಿಲ್ಲ.

ಏಳನೆಯ ವರ್ಷ ಒಂದು ಸಂಜೆ ತರಗತಿಗೆ ಬಂದರೆ ಕೋಣೆಗೆ ಬೀಗ. ಹದಿನೆಂಟು ಜನ ಹೊರಗೆ ನಿಂತಿದ್ದಾರೆ. ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಸಂಜೆ ತರಗತಿಗಳನ್ನು ಸೆನೆಟ್ ತೀರ್ಮಾನದಂತೆ ಮುಚ್ಚಲಾಗಿದೆ ಎಂದು ಬರೆದಿತ್ತು. ಅವನಿಗೆ ಸಿಟ್ಟು ನೆತ್ತಿಗೇರಿತು. ಬೆಳಗಾದದ್ದೇ ಕುಲಸಚಿವರ ಕಚೇರಿಗೆ ನುಗ್ಗಿದ. ಯಾವನು ಮುಚ್ಚಿದವನು ಎಂದು ಕೇಳಿದ.

ಕುಲಸಚಿವರು ಕೆಟ್ಟವರಲ್ಲ. ಕಪಾಟಿನಿಂದ ನಡಾವಳಿ ಪುಸ್ತಕ ತೆಗೆದು ಅವನ ಮುಂದಿಟ್ಟರು. ಹೋದ ಸಭೆ, ನಲವತ್ತೊಂದನೇ ವಿಷಯ, ಸಂಜೆ ತರಗತಿಗಳ ಮುಚ್ಚುಗಡೆ, ಸರ್ವಾನುಮತದಿಂದ ಅಂಗೀಕಾರ. ಮೇಲೆ ಹಾಜರಿದ್ದವರ ಪಟ್ಟಿ. ಏಳನೆಯ ಹೆಸರು ಅವನದೇ.

"ನಾನು ಆ ಹೊತ್ತು ಅಲ್ಲಿರಲಿಲ್ಲ," ಎಂದ ಗಣಿತದವನು.

"ಇದ್ರಿ ಅಂತ ನಿಮ್ಮ ಕೈಯೇ ಬರೆದಿದೆಯಲ್ಲ ಸಾರ್," ಎಂದರು ಕುಲಸಚಿವರು.

ಅವನು ಪುಸ್ತಕವನ್ನೇ ನೋಡುತ್ತ ನಿಂತ. ಸಹಿ ಸುಳ್ಳು ಎಂದರೆ ಆರು ವರ್ಷದ ಸಹಿಗಳೂ ಸುಳ್ಳಾಗುತ್ತವೆ. ಸಹಿ ನಿಜ ಎಂದರೆ ತನ್ನ ತರಗತಿಯನ್ನು ತಾನೇ ಮುಚ್ಚಿದಂತಾಗುತ್ತದೆ. ಅವನು ಗ್ರಂಥಾಲಯದಲ್ಲಿ ಸಂಜೆಯ ಪಾಠ ಬರೆದುಕೊಳ್ಳುತ್ತಿದ್ದ ಹೊತ್ತಿನಲ್ಲೇ ಅವನ ಹೆಸರು ಇಲ್ಲಿ ಕೂತು ಆ ಪಾಠಕ್ಕೆ ಬೀಗ ಹಾಕಿತ್ತು. ಅವನಿಗೆ ನಾಚಿಕೆಯಾಯಿತು. ಆ ನಾಚಿಕೆ ಸಿಟ್ಟಿಗಿಂತ ದೊಡ್ಡದಾಗಿತ್ತು.

ಮಧ್ಯಾಹ್ನ ಅಂಚೆ ಕಚೇರಿಗೆ ಹೋದ. ಆ ಹೆಂಗಸು ಕಾಗದಗಳನ್ನು ಊರೂರಿನ ಖಾನೆಗೆ ಹಾಕುತ್ತಿದ್ದಳು. ಹೆರಿಗೆಯಾದ ನಲವತ್ತನೇ ದಿನಕ್ಕೇ ತರಗತಿಗೆ ಬಂದು ಕೂತಿದ್ದವಳು ಅವಳು. ಬರದೆ ಅವಳಿಗೆ ಗತಿಯಿರಲಿಲ್ಲ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೇಳಿದ್ದವನು ಇವನೇ. ಸಭೆಯಲ್ಲಿ ನೀವು ಏನೆಂದಿರಿ ಎಂದು ಅವಳು ಕೇಳಿದಳು. ಅವನು ಮುಚ್ಚುಮರೆ ಮಾಡಲಿಲ್ಲ. ಸಹಿ ಮಾಡಿ ಎದ್ದು ಹೋಗಿದ್ದೆ ಎಂದ.

ಅವಳು ಕೈಯಲ್ಲಿದ್ದ ಕಾಗದವನ್ನು ಖಾನೆಗೆ ಹಾಕಿದಳು. ಆಮೇಲೆ ಹೇಳಿದಳು.

"ನಾವು ಹಂಗೆ ಮಾಡಿದ್ರೆ ನೀವು ಬಿಡ್ತಿರಲಿಲ್ಲ ಸಾರ್."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅವತ್ತೇ ಅವನು ನಿಶ್ಚಯ ಮಾಡಿದ. ಹೋದದ್ದನ್ನು ಹೋದ ದಾರಿಯಲ್ಲೇ ವಾಪಸು ತರಬೇಕು, ಅದೇ ಸಭೆಯಿಂದಲೇ ತರಬೇಕು, ಅದಕ್ಕೆ ಎಷ್ಟು ದಿನವಾದರೂ ಆಗಲಿ ಎಂದುಕೊಂಡ.

ತೀರ್ಮಾನವೊಂದನ್ನು ವರ್ಷದೊಳಗೆ ಮತ್ತೆ ಸಭೆಯ ಮುಂದೆ ತರಬಹುದು, ಅದಕ್ಕೆ ಹತ್ತು ಸದಸ್ಯರ ಸಹಿ ಬೇಕು ಎಂದು ನಿಯಮವಿತ್ತು. ಹತ್ತು ಸಹಿ ಹತ್ತು ನಿಮಿಷದಲ್ಲಿ ಸಿಕ್ಕವು. ಸಹಿ ಮಾಡುವುದರಲ್ಲಿ ಆ ಸದಸ್ಯರು ಎಂದೂ ಜಿಪುಣತನ ತೋರಿದವರಲ್ಲ. ಆದರೆ ಮುಂದಿನ ಸಭೆಗೆ ಹೋಗಿ ಕೂತಾಗ ಗಣಿತದವನು ಸುತ್ತ ನೋಡಿದ. ಪುಸ್ತಕದಲ್ಲಿ ಅರವತ್ತೊಂದು ಸಹಿ, ಸಭಾಂಗಣದಲ್ಲಿ ಹದಿಮೂರು ತಲೆ. ಆ ಹದಿಮೂರರಲ್ಲಿ ಅವನನ್ನು ಬಿಟ್ಟು ಉಳಿದವರೆಲ್ಲ ಕುಲಪತಿಗಳ ಮುಖ ನೋಡಿ ತಲೆಯಾಡಿಸುವವರು. ತನ್ನ ವಿಷಯ ಇವರ ಮುಂದೆ ಬಂದರೆ ಅರೆನಿಮಿಷದಲ್ಲಿ ಬಿದ್ದುಹೋಗುತ್ತದೆ ಎಂದು ಅವನಿಗೆ ತಿಳಿಯಿತು.

ಅವನು ಎದ್ದು ನಿಂತ. ಭಾಷಣ ಮಾಡಲಿಲ್ಲ. ನಿಯಮದಂತೆ ತಲೆ ಎಣಿಸಬೇಕು ಎಂದು ಕೇಳಿದ. ಸದಸ್ಯರಲ್ಲಿ ಯಾರೊಬ್ಬರು ಕೇಳಿದರೂ ಎಣಿಸಲೇಬೇಕು, ಇಪ್ಪತ್ನಾಲ್ಕು ಇಲ್ಲದಿದ್ದರೆ ಸಭೆ ಮುರಿಯಬೇಕು, ಮುರಿದ ಸಭೆ ಹದಿನೈದು ದಿನಕ್ಕೆ ಮತ್ತೆ ಸೇರಬೇಕು. ಆ ನಿಯಮವನ್ನು ಅಲ್ಲಿ ಯಾರೂ ಬಳಸಿದ ನೆನಪಿರಲಿಲ್ಲ. ಕುಲಪತಿಗಳು ನಿಯಮದ ಪುಸ್ತಕ ತರಿಸಿ ಎರಡು ಸಲ ಓದಿದರು. ಓದಿದಷ್ಟೂ ಅದು ಅಲ್ಲೇ ಇತ್ತು. ಎಣಿಸಿದರು. ಸಭೆ ಮುರಿಯಿತು.

ಒಂದು ಗಂಟೆಗೆ ಬಂದವರಿಗೆ ಊಟವಿರಲಿಲ್ಲ. ಮುರಿದ ಸಭೆಗೆ ಅಡುಗೆ ಬಡಿಸುವಂತಿಲ್ಲ ಎಂದು ಹೋಳಿಗೆಯ ಬುಟ್ಟಿಗಳನ್ನು ಹಾಸ್ಟೆಲಿಗೆ ಕಳಿಸಿಬಿಟ್ಟಿದ್ದರು. ಅದಕ್ಕಿಂತ ದೊಡ್ಡ ಪೆಟ್ಟೆಂದರೆ, ನಡೆಯದ ಸಭೆಗೆ ಕೆಲಸದ ಮೇಲಿನ ರಜೆ ಸಿಗುವುದಿಲ್ಲ. ಅವತ್ತಿನ ದಿನ ಅವರವರ ಸ್ವಂತ ರಜೆಯಲ್ಲಿ ಕಳೆದುಹೋಯಿತು. ಅರವತ್ತು ಜನ ಗಣಿತದವನನ್ನು ಬಾಯಿಗೆ ಬಂದಂತೆ ಬೈದರು. ಬೈಯುವಾಗ ಮಾತ್ರ ಎಲ್ಲರೂ ಒಟ್ಟಿಗೆ ಒಂದೇ ಕಡೆ ಕೂತಿದ್ದರು.

ಹದಿನೈದು ದಿನ ಬಿಟ್ಟು ಅವನು ಮತ್ತೆ ಎದ್ದು ನಿಂತ. ಹದಿನಾರು ತಲೆ. ಮತ್ತೆ ಮುರಿಯಿತು. ಮೂರನೆಯ ಸಲ ಇಪ್ಪತ್ತೈದಿದ್ದರು. ಎಣಿಸಿ ಮುಗಿಯುವುದರೊಳಗೆ ಇಬ್ಬರು ಫೋನು ಬಂತೆಂದು ಹೊರಗೆ ಹೋದರು. ಮತ್ತೆ ಮುರಿಯಿತು.

ಕ್ಯಾಂಟೀನಿನಲ್ಲಿ ಅವನು ಕೂತ ಮೇಜಿಗೆ ಜನ ಬರುವುದು ನಿಂತುಹೋಯಿತು. ಅವನ ಬಡ್ತಿಯ ಕಡತವೂ ಅದೇ ಸೆನೆಟ್ಟಿನ ಮುಂದೆ ಬರಬೇಕಿತ್ತು. ಸಭೆ ಮುರಿದಂತೆಲ್ಲ ಅದೂ ಹಿಂದೆ ಬೀಳುತ್ತಿತ್ತು. ಅವನ ಜೊತೆಗೇ ಕೆಲಸಕ್ಕೆ ಸೇರಿದ ರಸಾಯನಶಾಸ್ತ್ರದವನೊಬ್ಬ ಒಂದು ದಿನ ಹತ್ತಿರ ಬಂದು ಕೂತು, ಹತ್ತರ ಜೊತೆ ಹನ್ನೊಂದು ಅಂತ ಇರುವುದನ್ನು ಕಲಿ, ನೀನೊಬ್ಬನೇ ಇದ್ದು ಏನು ಮಾಡುತ್ತೀಯ ಎಂದು ಬುದ್ಧಿ ಹೇಳಿದ. ಗಣಿತದವನು ಅವನ ಮೇಲೆ ರೇಗಲಿಲ್ಲ. ಇಪ್ಪತ್ನಾಲ್ಕು ಆಗುವುದಕ್ಕೆ ಇನ್ನು ಎಷ್ಟು ಬೇಕು ಎಂಬುದಷ್ಟೇ ತನ್ನ ಚಿಂತೆ, ನೀನು ಬಂದು ಕೂತರೆ ಒಂದು ಕಡಿಮೆಯಾಗುತ್ತದೆ ಎಂದ. ಗಣಿತದವನಿಗೂ ಭಯವಿತ್ತು. ಮನೆಯಲ್ಲಿ ಹೆಂಡತಿಯೂ ಇನ್ನೆಷ್ಟು ದಿನ ಈ ಹಟ ಎಂದು ಕೇಳುತ್ತಿದ್ದಳು. ಹದಿನೈದನೇ ದಿನ ಬಂದಾಗ ಮಾತ್ರ ಅಂಗಿ ತೊಟ್ಟು ಹೊರಡುತ್ತಿದ್ದ.

ನಾಲ್ಕನೆಯ ಸಲ ಇಪ್ಪತ್ತಾರು ಜನ ಕೂತಿದ್ದರು. ರಸಾಯನಶಾಸ್ತ್ರದವನೂ ಇದ್ದ. ಗಣಿತದವನ ಮೇಲಿನ ಪ್ರೀತಿಗೆ ಯಾರೂ ಬಂದಿರಲಿಲ್ಲ. ರಜೆ ಉಳಿಯಲಿ, ಊಟ ಸಿಗಲಿ ಎಂದು ಬಂದಿದ್ದರು. ಎದ್ದು ಹೋದರೆ ಈ ಪುಣ್ಯಾತ್ಮ ಮತ್ತೆ ಎಣಿಸುತ್ತಾನೆ, ಆದ್ದರಿಂದ ಹಲ್ಲು ಕಚ್ಚಿ ಕೂತರು. ಕೂತು ಮಾಡುವುದೇನು? ಮುಂದಿದ್ದ ಫೈಲು ಬಿಚ್ಚಿದರು. ಎಷ್ಟೋ ವರ್ಷದಿಂದ ಮನೆಗೆ ಒಯ್ದು ರದ್ದಿಗೆ ಹಾಕುತ್ತಿದ್ದ ಫೈಲು ಅದು.

ಭೂವಿಜ್ಞಾನದ ಅಧ್ಯಾಪಕನೊಬ್ಬ ಬೇಸರಕ್ಕೆ ಹಾಳೆ ತಿರುವುತ್ತಿದ್ದವನು ಒಂಬತ್ತನೇ ವಿಷಯದಲ್ಲಿ ನಿಂತುಬಿಟ್ಟ. ಅವನ ವಿಭಾಗವನ್ನೇ ಬೇರೊಂದರ ಜೊತೆ ಸೇರಿಸಿ ಅಳಿಸಿಬಿಡುವ ಠರಾವು ಅಲ್ಲಿತ್ತು. ಇದೇನಿದು ಎಂದು ಅವನು ಎದ್ದ. ಪಕ್ಕದವನು ತನ್ನ ವಿಭಾಗದ ಹೆಸರು ಎಲ್ಲಿದೆಯೋ ಎಂದು ಗಾಬರಿಯಿಂದ ಹುಡುಕತೊಡಗಿದ. ಅರ್ಧ ಗಂಟೆಯಲ್ಲಿ ಇಪ್ಪತ್ತಾರು ಜನರೂ ಓದುತ್ತಿದ್ದರು. ಒಂದು ಗಂಟೆಗೆ ಸಭೆ ಹನ್ನೆರಡನೇ ವಿಷಯದಲ್ಲಿತ್ತು. ಅನ್ನ ಆರಿತು. ಯಾರೂ ಏಳಲಿಲ್ಲ.

ಸಂಜೆ ತರಗತಿಯ ವಿಷಯ ಬಂದದ್ದು ಅದರ ಮುಂದಿನ ಸಭೆಯಲ್ಲಿ. ಅವತ್ತು ನಲವತ್ತೆಂಟು ಜನ ಇದ್ದರು. ಒಂದೂವರೆ ಗಂಟೆ ವಾದವಾಯಿತು. ಗಣಿತದವನು ಮಾತಾಡಿದ್ದು ಎರಡೇ ಮಾತು. ಇದನ್ನು ಮುಚ್ಚಿದವರಲ್ಲಿ ನಾನೂ ಒಬ್ಬ, ತೆರೆಯಬೇಕೆಂದು ಕೇಳುತ್ತಿದ್ದೇನೆ ಎಂದ. ಎರಡು ಮತ ಹೆಚ್ಚು ಬಂದು ತರಗತಿ ತೆರೆಯಿತು. ಹದಿನೆಂಟರಲ್ಲಿ ಹನ್ನೊಂದು ಜನ ವಾಪಸು ಬಂದರು. ಏಳು ಜನ ಬರಲಿಲ್ಲ. ಅವರು ಓದಿನ ಆಸೆಯನ್ನೇ ಬಿಟ್ಟಿದ್ದರು. ಆ ಏಳು ಜನ ಅವನಿಗೆ ಕೊನೆಯವರೆಗೂ ನೋವಾಗಿ ಉಳಿದರು. ಅಂಚೆ ಕಚೇರಿಯವಳು ಬಂದಿದ್ದಳು. ಮೊದಲ ಸಂಜೆ ಹಾಜರಿ ಕೂಗುವಾಗ ಅವನು ಎಲ್ಲರಿಗಿಂತ ಮೊದಲು ತನ್ನ ಹೆಸರು ಕೂಗಿ, ಇದ್ದೇನೆ ಎಂದ. ಅವಳೊಬ್ಬಳು ತಲೆ ತಗ್ಗಿಸಿ ನಕ್ಕಳು.

ಕತೆ ಮುಗಿಯಿತು. ಮೊರದಲ್ಲಿ ಕಾಳು ರಾಶಿಯಾಗಿತ್ತು. ಕೊಟ್ರೇಶನ ಕಣ್ಣು ತೇವವಾಗಿತ್ತು. ಎಂಥ ಮನುಷ್ಯ ಎಂದ. ಅಂಥವನೊಬ್ಬ ನಮ್ಮ ಸೆನೆಟ್ಟಿನಲ್ಲೂ ಇದ್ದಿದ್ದರೆ ಇವತ್ತಿನ ಠರಾವು ಹೇಗೆ ಪಾಸಾಗುತ್ತಿತ್ತೋ ನೋಡಬಹುದಿತ್ತು, ಏನು ಮಾಡುವುದು, ನಮ್ಮಲ್ಲಿ ಅಂಥವರಿಲ್ಲ ಎಂದು ನಿಟ್ಟುಸಿರು ಬಿಟ್ಟ.

ವಾಮದೇವಪ್ಪನವರು ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. ಒಳಗಿನ ಗೋಡೆ ಗಡಿಯಾರದ ಕಡೆ ಒಮ್ಮೆ ನೋಡಿದರು.

"ಅದಿರಲಿ ಕೊಟ್ರೇಶ, ಈಗ ಹನ್ನೆರಡೂಕಾಲು. ಹಾಜರಿ ಪುಸ್ತಕದ ಪ್ರಕಾರ ನೀನು ಎಲ್ಲಿದ್ದೀಯ?"

ಕೊಟ್ರೇಶ ಫೈಲು ಎತ್ತಿಕೊಂಡು ಚಪ್ಪಲಿ ಮೆಟ್ಟಿದ.